ಮೊದಲ ಸಲ ಬಂದ ಅಂಕಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಕಾರ್ಯಕ್ರಮ ನೂರು ಕಂತು ಮುಟ್ಟಿತೆಂದು ಈ ಸನ್ಮಾನ ಏರ್ಪಡಿಸಿರುವ ವಾಹಿನಿಯ ಮುಖ್ಯಸ್ಥರೇ, ಅತಿಥಿಗಳಾಗಿ ಬಂದಿರುವ ಬಸ್ ಡಿಪೊದ ಮ್ಯಾನೇಜರ್ ಸಾಹೇಬರೇ, ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತಿರುವ ನನ್ನ ಶ್ರೀಮತಿಯವರೇ, ಮತ್ತು ನೇರಪ್ರಸಾರ ಮುಗಿಯುವ ತನಕ ಎದ್ದುಹೋಗುವಂತಿಲ್ಲದ ನತದೃಷ್ಟ ಸಭಿಕರೇ,

ಈ ಫಲಕದ ತೂಕ ಎಷ್ಟಿರಬಹುದು? ಒಂದು ಕೆಜಿ ಇನ್ನೂರು ಗ್ರಾಂ, ಹತ್ತು ಗ್ರಾಂ ಆಚೆ ಈಚೆ. ಕ್ಷಮಿಸಿ, ಅಭ್ಯಾಸಬಲ. ಮೂವತ್ತೊಂದು ವರ್ಷ ಅಳತೆಯ ಪ್ರಯೋಗಾಲಯದಲ್ಲಿದ್ದವನು ಹೂವು ಕೊಟ್ಟರೂ ತೂಗಿ ನೋಡುತ್ತಾನೆ. ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂದು ಮಾತ್ರ ಇನ್ನೂ ಗೊತ್ತಿಲ್ಲ ಎಂದು ನನ್ನವಳ ದೂರು.

ಭಾಷಣ ಬರೆದುಕೊಂಡೇ ಬಂದಿದ್ದೇನೆ. ಟಿವಿ ಸುದ್ದಿಯಿಂದ ವಿಜ್ಞಾನ ಹೇಗೆ ಮನೆಮನೆಗೆ ತಲುಪಿತು ಎಂಬ ನಾಲ್ಕು ಪುಟ. ಒಂದು ನಿಮಿಷ, ಈ ಚೀಲದಲ್ಲೇ ಇತ್ತು... ಇಲ್ಲ. ಇದು ಭಾಷಣವಲ್ಲ, ನನ್ನ ಅಳತೆ ಪುಸ್ತಕ. ಚೀಲ ಜೋಡಿಸಿದ್ದು ಶ್ರೀಮತಿ. ಅವರು ನನ್ನನ್ನೇ ನೋಡುತ್ತಿದ್ದಾರೆ. ಇರಲಿ, ಕಾಗದವಿಲ್ಲದೆಯೇ ಎರಡು ಮಾತಾಡುತ್ತೇನೆ.

ನಮ್ಮ ಪ್ರಯೋಗಾಲಯದಲ್ಲಿ ಹಿರಿಯರೊಬ್ಬರಿದ್ದರು. ಬೆನ್ನ ಹಿಂದೆ ಅವರನ್ನು ‘ಮಿಲಿಮೀಟರ್ ತಾತ’ ಅಂತಿದ್ದೆವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಅಂಕಿಯನ್ನು ಹೊಡೆದುಹಾಕಿ ಮತ್ತೆ ಅಳೆದೆ. ತಾತ ಕನ್ನಡಕ ಮೇಲೇರಿಸಿ, “ಏನಯ್ಯಾ, ಮೊದಲನೇದು ಎಲ್ಲಿ?” ಅಂದರು. “ಸರಿ ಬರಲಿಲ್ಲ ಸಾರ್.” “ಸರಿಯೋ ತಪ್ಪೋ ಆಮೇಲೆ ನೋಡೋಣ. ಬಂದದ್ದನ್ನ ಬರಿ. ಇಂಕಲ್ಲಿ ಬರಿ.” ಅವತ್ತಿನಿಂದ ಒಂದು ಅಂಕಿಯನ್ನೂ ನಾನು ಬಿಟ್ಟಿಲ್ಲ. ಅಂದರೆ, ಬರೆಯುವುದರಲ್ಲಿ ಬಿಟ್ಟಿಲ್ಲ.

ಟಿವಿಯವರ ಪದ್ಧತಿ ಬೇರೆ. ಅವರಿಗೆ ಮೊದಲನೆಯದು ಲೆಕ್ಕಕ್ಕೇ ಇಲ್ಲ. ನಕ್ಕಿದ್ದು ಸಾಲದು, ಸಾರ್, ಇನ್ನೊಂದ್ ಸಲ. ತಕ್ಕಡಿ ಕಾಣಲಿಲ್ಲ, ಸಾರ್, ಇನ್ನೊಂದ್ ಸಲ. ನನಗೂ ರುಚಿ ಹತ್ತಿತು, ಸುಳ್ಳೇಕೆ? ಮುಖಕ್ಕೆ ಪೌಡರ್, ರಸ್ತೆಯಲ್ಲಿ ಗುರುತು ಹಿಡಿಯುವ ಜನ. ತರಕಾರಿ ಅಂಗಡಿಯಾಕೆಯಂತೂ ನನ್ನನ್ನು ಕಂಡ ಕೂಡಲೇ ನನ್ನದೇ ಮಾತು ಒಪ್ಪಿಸುತ್ತಾಳೆ: “ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ!” ಪ್ರತಿ ಕಂತಿನ ಕೊನೆಗೆ ನಾನು ಬೆರಳೆತ್ತಿ ಹೇಳುತ್ತಿದ್ದ ಮಾತು. ಎಷ್ಟು ಚೆನ್ನಾಗಿತ್ತು, ಅಲ್ಲವೇ?

ತೊಂಬತ್ತೆರಡನೆಯ ಕಂತು. ಕುಡಿದವರನ್ನು ಪತ್ತೆ ಹಚ್ಚಲು ಊದಿಸುತ್ತಾರಲ್ಲ, ಆ ಯಂತ್ರದ ಬಗ್ಗೆ. ಇದೇ ಸಾಹೇಬರ ಡಿಪೊ ಗೇಟಿನಲ್ಲಿ ಬೆಳಿಗ್ಗೆ ಶೂಟಿಂಗ್. ಶಾಲೆ ಮಕ್ಕಳ ಬಸ್ಸಿನ ಚಾಲಕರೊಬ್ಬರು, “ನಾನು ಊದ್ತೀನಿ ಬಿಡಿ ಸಾರ್” ಅಂತ ತಾವಾಗಿಯೇ ಮುಂದೆ ಬಂದರು. ಊದಿದರು. ಕ್ಯಾಮೆರಾದವರು, “ಫೋಕಸ್ ಸಿಗಲಿಲ್ಲ, ಇನ್ನೊಂದ್ ಸಲ” ಅಂದರು. ಅಷ್ಟರಲ್ಲಿ ಮೇಕಪ್ ಮಾಡುವಾಕೆ, ಪಾಪ, ಶುಚಿಯಾಗಿ ಕಾಣಲಿ ಅಂತ ಊದುವ ಕೊಳವೆಯನ್ನು ಸ್ಯಾನಿಟೈಸರ್ ಹಾಕಿ ಒರೆಸಿದರು. ಸ್ಯಾನಿಟೈಸರ್‌ನಲ್ಲಿ ಇರುವುದೇನು? ಮುಕ್ಕಾಲು ಪಾಲು ಆಲ್ಕೋಹಾಲ್. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಳವೆ ಬದಲಿಸಬೇಕಿತ್ತು, ಕಾಯಬೇಕಿತ್ತು. “ಬೆಳಕು ಚೆನ್ನಾಗಿದೆ, ಬೇಗ ಸಾರ್” ಅಂದರು. ನಾನು ತಲೆಯಾಡಿಸಿದೆ. ಕಾನೂನಿನ ಮಿತಿ ಮೂವತ್ತು, ಬಂದದ್ದು ಅರವತ್ತೆರಡು. “ಇದನ್ನ ಹಾಕಬೇಡಿ” ಅಂದೆ. “ಎಡಿಟಿಂಗ್‌ನಲ್ಲಿ ನೋಡ್ಕೋತೀವಿ” ಅಂದರು.

ನೋಡಿಕೊಂಡರು. ಮಧ್ಯಾಹ್ನದ ಸುದ್ದಿಯಲ್ಲಿ ಆ ಮನುಷ್ಯನ ಮುಖ, ಪಕ್ಕದಲ್ಲಿ ಕೆಂಪಕ್ಷರದಲ್ಲಿ ಅರವತ್ತೆರಡು, ‘ಮಕ್ಕಳ ಬಸ್ಸಿಗೆ ಕುಡುಕ ಚಾಲಕ’. ಅದರ ಹಿಂದೆಯೇ ಬೆರಳೆತ್ತಿ ನಿಂತ ನಾನು. ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ! ನಾನು ವಾಹಿನಿಗೆ ಒಂದು ಫೋನ್ ಕೂಡ ಮಾಡಲಿಲ್ಲ.

ಮುಖ್ಯಸ್ಥರೇ, ಕೈಗಡಿಯಾರ ತೋರಿಸಬೇಡಿ. ಸಮಯ ಅಳೆಯುವುದು ನನಗೂ ಬರುತ್ತದೆ.

ಹೋದ ವಾರ ಆ ಚಾಲಕರು ನಮ್ಮ ಮನೆಗೆ ಬಂದಿದ್ದರು. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಕೈಯಲ್ಲಿ ಚಹಾದ ಲೋಟ ನಿಲ್ಲುತ್ತಿರಲಿಲ್ಲ. “ಕೆಲಸದಿಂದ ತೆಗೀತಾರಂತೆ ಸಾರ್. ಮುಂದಿನ ವಾರ ವಿಚಾರಣೆ. ಮಗಳು ಶಾಲೆಗೇ ಹೋಗಲ್ಲ ಅಂತ ಕೂತಿದ್ದಾಳೆ. ಮೊದಲನೇ ಸಲ ಊದಿದಾಗ ಎಷ್ಟು ಬಂದಿತ್ತು, ನಿಮಗೆ ನೆನಪಿದೆಯಾ?” ನಾನು ಏನಂದೆ? “ನೆನಪಿಲ್ಲಪ್ಪ” ಅಂದೆ. “ಬರ್ತೀನಿ ಸಾರ್” ಅಂತ ಎದ್ದು ಹೋದರು. ನನ್ನವಳು ಲೋಟ ಎತ್ತುತ್ತಾ, “ಅವರ ಕೈ ನಡುಗ್ತಿತ್ತು. ನಿಮ್ಮ ನಾಲಿಗೆ ಒಂಚೂರೂ ನಡುಗ್ಲಿಲ್ಲವಲ್ಲ ರೀ” ಅಂದಳು. ಅವತ್ತಿಂದ ಮನೆಯಲ್ಲಿ ಮಾತಿಲ್ಲ.

ನಾಚಿಕೆಯಾಗುತ್ತದೆ, ಸಭಿಕರೇ. ಈ ಫಲಕ ಎಲ್ಲಿ ಕೈತಪ್ಪುತ್ತದೋ ಅನ್ನುವ ಭಯ, ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ, ಹೇಳಿದವನು ನಾನು. ವಿಚಾರಣೆ ನಾಳೆ ಹನ್ನೊಂದಕ್ಕೆ.

ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿದೆ. ಡ್ರೈವರ್ ಅಣ್ಣಾ, ಮನೆಯಲ್ಲಿ ಕೂತು ನೋಡುತ್ತಿದ್ದೀರಾ? ಮಗಳನ್ನೂ ಕರೆಯಿರಿ. ಈ ಅಳತೆ ಪುಸ್ತಕದಿಂದ ಓದುತ್ತೇನೆ. ‘ಬೆಳಿಗ್ಗೆ ಏಳು ನಲವತ್ತು. ಮೊದಲನೆಯದು, ಸೊನ್ನೆ. ಏಳು ನಲವತ್ತೆರಡು. ಎರಡನೆಯದು, ಅರವತ್ತೆರಡು. ಕೊಳವೆ ಒದ್ದೆ.’ ನನ್ನದೇ ಕೈಬರಹ, ಇಂಕಿನಲ್ಲಿ. ನನಗೆ ನೆನಪಿತ್ತು ಅಣ್ಣಾ. ನೀವು ಕೇಳಿದಾಗಲೂ ನೆನಪಿತ್ತು.

ಮ್ಯಾನೇಜರ್ ಸಾಹೇಬರೇ, ಈ ಪುಸ್ತಕ ನಿಮ್ಮ ಕೈಗೇ ಕೊಡುತ್ತಿದ್ದೇನೆ, ಹಿಡಿಯಿರಿ. ನಾಳೆ ನಾನೂ ಬರುತ್ತೇನೆ. ಫಲಕ ಇಲ್ಲೇ ಮೇಜಿನ ಮೇಲಿರಲಿ.

ಕೆಂಪು ದೀಪ ಆರಿತು. ಮುಖ್ಯಸ್ಥರು ಏನೋ ಹೇಳುತ್ತಿದ್ದಾರೆ... ಮರುಪ್ರಸಾರಕ್ಕೆ ಭಾಷಣದ ಕೊನೆಯ ಭಾಗ ಇನ್ನೊಂದ್ ಸಲ ಮಾಡೋಣವಂತೆ.

ಬೇಡ ಸಾರ್, ಮೊದಲನೆಯದೇ ಇರಲಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ, ಮತ್ತು ನನ್ನ ಚೀಲ ಜೋಡಿಸಿಕೊಟ್ಟವರಿಗೆ, ಧನ್ಯವಾದ. ನಮಸ್ಕಾರ.