ಗುಂಡಿ ತೋಡುವ ಮೊದಲು ಹೋಗಬೇಕಿದ್ದ ಪತ್ರ

ನಾನು, ಸೈಟಿನಲ್ಲಿ ಎಲ್ಲರ ಬಾಯಲ್ಲಿ ರಿಜಿಸ್ಟರ್ ಅಕ್ಕ, ವಯಸ್ಸು 39 ವರ್ಷ, ಕಟ್ಟಡ ಕಂಟ್ರಾಕ್ಟರರ ಬಳಿ ಕಾಗದಪತ್ರ ನೋಡಿಕೊಳ್ಳುವ ಕೆಲಸ, ವಾಸ ಸೈಟಿನ ಹಿಂದಿನ ಬೀದಿ, ಎರಡನೇ ಮಹಡಿ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕಂಟ್ರಾಕ್ಟರರು ನನ್ನ ಒಡಹುಟ್ಟಿದ ಅಣ್ಣ. ಅದೇ ಸೈಟಿನ ಮೇಸ್ತ್ರಿ ನನ್ನ ಗಂಡ. ಪಾಯದ ಗುಂಡಿ ತೋಡುವ ಮೂವತ್ತು ದಿನ ಮೊದಲು ಕಾರ್ಮಿಕರ ಸುರಕ್ಷತಾ ಕಚೇರಿಗೆ ಪತ್ರ ಹೋಗಬೇಕು. ಹೋದರೆ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಮಣ್ಣು ಕುಸಿಯದಂತೆ ಗುಂಡಿಯ ಗೋಡೆಗೆ ಹಲಗೆಯ ಆಸರೆ ಕೊಡುವವರೆಗೆ ಯಾರನ್ನೂ ಇಳಿಯಲು ಬಿಡುವುದಿಲ್ಲ. ಕಳೆದ ತಿಂಗಳು 4ರಂದು ಆ ಪತ್ರವನ್ನು ನಾನೇ ಟೈಪ್ ಮಾಡಿದೆ. ಕೆಲಸಗಾರರು ಒಂಬತ್ತು ಜನ, ಕೆಳಗೆ ಒಂಬತ್ತು ಹೆಸರು. ಮನೆಯವರನ್ನು ಮುಂದೆ ಹಾಕಬಾರದೆಂದು ಗಂಡನ ಹೆಸರನ್ನು ಕೊನೆಗೆ ಬರೆದೆ. ಆಫೀಸಿನ ಕಂಪ್ಯೂಟರಿನಿಂದ ಅದನ್ನು ಕಳಿಸುವುದು ಅಣ್ಣನ ಕೆಲಸ. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಕಳಿಸಿಯಾಯಿತೆಂದ. ಕೊನೆಯ ಸಲ, ನೀನೇ ಇನ್ಸ್‌ಪೆಕ್ಟರ್ ಆಗಿಬಿಡು ಎಂದು ಗೇಲಿ ಮಾಡಿದ. ನಾನೂ ನಕ್ಕೆ.

ಈ ತಿಂಗಳು 6ರಂದು ಅಗೆಯಲು ಶುರು ಮಾಡಿದರು. 10ರ ಬೆಳಿಗ್ಗೆ 8.15ಕ್ಕೆ ಗುಂಡಿ ಹತ್ತು ಅಡಿ ಆಳವಿತ್ತು. ಹಲಗೆ ಕೊಟ್ಟಿರಲಿಲ್ಲ. ನನ್ನ ಗಂಡ ಅಂಚಿನ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ, ಇಳಿಯಲು ಹಿಂದೆಮುಂದೆ ನೋಡಿದರು. ಪತ್ರದ ವಿಷಯವನ್ನು ಅಣ್ಣನನ್ನಲ್ಲ, ನನ್ನನ್ನು ಕೇಳಿದರು. ನಾನು ರಜೆಯಲ್ಲಿದ್ದ ದಿನ ಇನ್ಸ್‌ಪೆಕ್ಟರ್ ಬಂದು, ಗಟ್ಟಿ ಮಣ್ಣು, ಹಲಗೆ ಬೇಡ ಎಂದು ಹೋದರೆಂದು ಅಣ್ಣ ನನಗೆ ಹೇಳಿದ್ದ. ಅದನ್ನೇ ಹೇಳಿದೆ.

"ನೀನು ಹೇಳ್ತಿದೀಯ ಅಂತ ಇಳೀತೀನಿ," ಎಂದರು.

11.10ಕ್ಕೆ ಪೂರ್ವದ ಗೋಡೆ ಕುಸಿಯಿತು. ಎಂಟು ಜನ ಹತ್ತಿಬಂದರು. ನನ್ನ ಗಂಡ ಎದೆಯವರೆಗೆ ಮಣ್ಣಿನಲ್ಲಿ ಸಿಕ್ಕಿಕೊಂಡರು. ನಾನು ಏಣಿಯಿಂದ ಇಳಿದು ಅವರ ಕೈ ಹಿಡಿದುಕೊಂಡೆ. ಬೇರೆ ಯಾರೂ ಫೋನ್ ಮಾಡುವುದು ಬೇಡ, ಆಂಬುಲೆನ್ಸಿಗೆ ತಾನೇ ಮಾಡುವುದಾಗಿ ಹೇಳಿ ಅಣ್ಣ ಆಫೀಸು ಕೋಣೆಗೆ ಓಡಿದ. ಅದು ಗುಂಡಿಯಿಂದ ನಲವತ್ತು ಹೆಜ್ಜೆ. ಉಳಿದವರು ಬಾಣಲಿಯಲ್ಲಿ ಮಣ್ಣು ಎತ್ತಿಹಾಕುತ್ತಿದ್ದರು. ಅಣ್ಣ ಹೋಗಿದ್ದಾನೆ, ಇನ್ನೇನು ಬಂದೇಬಿಡುತ್ತದೆ ಎಂದು ನಾನು ಗಂಡನಿಗೆ ಹೇಳುತ್ತಲೇ ಇದ್ದೆ. ಆಂಬುಲೆನ್ಸ್ 11.58ಕ್ಕೆ ಬಂತು. ತಮಗೆ ಕರೆ ಬಂದದ್ದು 11.43ಕ್ಕೆ ಎಂದು ಅದರಲ್ಲಿ ಬಂದವರು ತಿಳಿಸಿದರು. ಫೋನ್ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. ಒಡಹುಟ್ಟಿದವನ ಬಗ್ಗೆ ಬೇರೇನು ಅಂದುಕೊಳ್ಳುವುದು.

ಆಸ್ಪತ್ರೆಗೆ ಸೇರಿಸಿದ ಗಂಡನಿಗೆ ಮರುದಿನವೂ ಪ್ರಜ್ಞೆ ಬಂದಿರಲಿಲ್ಲ. 11ರ ಬೆಳಿಗ್ಗೆ 9ಕ್ಕೆ, ಆಸ್ಪತ್ರೆಯವರು ಕೇಳಿದ ಹಾಜರಿ ಪುಸ್ತಕ ತರಲು ಆಫೀಸಿಗೆ ಹೋದೆ. ಪ್ರಿಂಟರಿನಲ್ಲಿ ನನ್ನ ಪತ್ರದ ಪ್ರತಿಯೂ ಸುರಕ್ಷತಾ ಕಚೇರಿಯ ಸ್ವೀಕೃತಿಯೂ ಇದ್ದವು. ಪತ್ರದ ಮೇಲೆ ಹಳೆಯ ತಾರೀಖೇ ಇತ್ತು. ಸ್ವೀಕೃತಿಯ ಮೇಲೆ 10ನೇ ತಾರೀಖು, ಬೆಳಿಗ್ಗೆ 11.39. ಅಣ್ಣ ಮೊದಲು ಪತ್ರ ಕಳಿಸಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ದ.

9.20ಕ್ಕೆ ಅಣ್ಣ ಬಂದ. ಕಾಗದ ತೋರಿಸಿದೆ. ಇಲ್ಲ ಎನ್ನಲಿಲ್ಲ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕರೆದ. "ಕಳ್ಸೋದು ಮರೆತುಹೋಯ್ತು ಅಂತ ನೀನೇ ಬರೆದುಕೊಟ್ಟುಬಿಡು ಪುಟ್ಟೀ. ನಿನ್ನನ್ನ ಯಾರೂ ಏನೂ ಮಾಡಲ್ಲ," ಎಂದ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದು. ಅವನ ಮುಖ ನೋಡಲು ನನಗೆ ಹೇಸಿಗೆಯಾಯಿತು ಎಂಬುದನ್ನೂ ಬರೆದುಕೊಳ್ಳಬೇಕು. ಕಾಗದಗಳನ್ನು ತೆಗೆದುಕೊಂಡು ಹೊರಗೆ ಬಂದೆ.

10.05ಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪತ್ರವನ್ನು ಪೂರ್ತಿ ಓದಿದೆ. ಕೆಲಸಗಾರರು ಎಂಟು ಜನ ಎಂದಿತ್ತು. ಕೆಳಗೆ ಎಂಟು ಹೆಸರು. ಕೊನೆಯದು ಇರಲಿಲ್ಲ. 11.39ಕ್ಕೆ ನನ್ನ ಗಂಡ ಮಣ್ಣಿನಲ್ಲಿ ಸಿಕ್ಕಿಕೊಂಡೇ ಉಸಿರಾಡುತ್ತಿದ್ದರು, ಅವರ ಕೈ ನನ್ನ ಕೈಯಲ್ಲಿತ್ತು.

ಇಂದು ಬೆಳಿಗ್ಗೆ 6.40ಕ್ಕೆ ನನ್ನ ಗಂಡ ಕಣ್ಣು ಬಿಟ್ಟು ನೀರು ಕೇಳಿದ್ದಾರೆ. ಆದ್ದರಿಂದ ಕೆಲಸಗಾರರು ಒಂಬತ್ತು ಜನ ಎಂದೇ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಮೇಲಿನದೆಲ್ಲ ನಿಜ. ಓದಿ ಹೇಳಿದ್ದನ್ನು ಕೇಳಿ, ನಾನೂ ಎರಡು ಸಲ ಓದಿಕೊಂಡು ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳು 12, ಬೆಳಿಗ್ಗೆ 9.30

ಸಹಿ/-
(ಮೇಸ್ತ್ರಿಯ ಹೆಂಡತಿ)