ಚಕ್ರ ಇಳಿಸಿದೆ, ಮಾವ

“ಹಲೋ, ಯಾರು?… ಓಹೋ, ಅಳಿಯಂದ್ರಾ! ಏನು, ರೇಡಿಯೋ ಬಿಟ್ಟು ಫೋನಿಗೆ ಬಂದ್ಬಿಟ್ರಿ?… ಹಾಂ? ರೇಡಿಯೋ ಸತ್ತೋಯ್ತಾ?… ಎಂಜಿನ್ನೂ ನಿಂತೋಯ್ತಾ!”

ವಿಮಾನ ಹಾರಿಸೋದನ್ನು ಕಲಿಸುವುದೇ ಕಸುಬಾದ ಮಾವ, ವಿಮಾನದ ಶೆಡ್ಡಿನಲ್ಲಿ ಮೆಕ್ಯಾನಿಕ್ಕು ಮತ್ತು ಇಬ್ಬರು ಶಿಷ್ಯರ ಜೊತೆ ಕೂತಿದ್ದವನು, ಟೀ ಲೋಟ ಕೆಳಗಿಟ್ಟ. ಹೆದರಿಕೆಯಾಯಿತು, ಸುಳ್ಳಲ್ಲ. ಆದರೆ ಹೆದರಿಕೆಯ ಪಕ್ಕದಲ್ಲೇ ಒಂದು ಖುಷಿಯೂ ಎದ್ದು ಕೂತಿತು, ಹಾಳಾದ್ದು.

“ಎಷ್ಟು ಎತ್ತರ?… ಎಂಟು ನೂರು ಅಡಿ. ಒಂದು ನಿಮಿಷ ಟೈಮಿದೆ, ಅಳ್ಬೇಡಿ. ಕೆಳಗೇನು ಕಾಣುತ್ತೆ?… ಎಡಕ್ಕೆ ಹುಲ್ಲುಗಾವಲು, ಮುಂದೆ ಕೆರೆ, ಅಲ್ವಾ? ಕೆರೆಗೇ ಇಳೀರಿ. ನೆಲಕ್ಕೂ ನೀರಿಗೂ ಇಳಿಯೋ ವಿಮಾನ ಕೊಟ್ಟಿರೋದು ಇನ್ಯಾತಕ್ಕೆ?”

…

“ಪಕ್ಕದಲ್ಲಿ ನನ್ನ ಮಗಳಿದ್ದಾಳಾ?… ಇರ್ಲಿ ಬಿಡಿ, ಅವಳೂ ನೋಡ್ಲಿ ಗಂಡನ ಪ್ರತಾಪ. ಆವತ್ತು ಚಕ್ರ ಇಳಿಸೋದು ಮರ್ತು ರನ್‌ವೇ ಮೇಲೆ ವಿಮಾನದ ಹೊಟ್ಟೆ ಉಜ್ಜಿದ್ರಲ್ಲ, ಅದನ್ನ ನೋಡೋ ಭಾಗ್ಯ ಇರ್ಲಿಲ್ಲ ಪಾಪ… ಏನು, ಆವತ್ತೂ ಎಂಜಿನ್ನೇ ಸರಿಯಿರ್ಲಿಲ್ವಾ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!”

ಆವತ್ತಿನಿಂದ ಮನೆಯಲ್ಲಿ ಮಾವನದೊಂದು ಕಾನೂನು. ಊಟಕ್ಕೆ ಕೂರುವ ಮುಂಚೆ ಅಳಿಯ ಎಲ್ಲರೆದುರು ‘ಚಕ್ರ ಇಳಿಸಿದೆ, ಮಾವ’ ಅನ್ನಬೇಕು. ಅನ್ನದಿದ್ದರೆ ತಟ್ಟೆ ಬರದು. ಮೂರು ತಿಂಗಳಲ್ಲಿ ಅಳಿಯ ಒಂದು ಹೊತ್ತೂ ತಪ್ಪಿಸಿರಲಿಲ್ಲ.

“ಈಗೆಷ್ಟು ಎತ್ತರ?… ನೂರೈವತ್ತಾ! ಸರಿ, ಮೂಗು ಸ್ವಲ್ಪ… ಹಾಂ? ಏನಂದ್ರಿ?… ಇಳಿಸಿದ್ರಾ? ಚಕ್ರ ಇಳಿಸಿದ್ರಾ?”

…

“ಅಯ್ಯೋ, ನೀರು ಕಣೋ! ನೀರಿಗಿಳಿಯೋವಾಗ ಚಕ್ರ ಮೇಲಿರ್ಬೇಕು, ಇಲ್ಲಾಂದ್ರೆ ನೀರಿಗೆ ಸಿಕ್ಕೊಂಡು ಪಲ್ಟಿ ಹೊಡಿಯುತ್ತೆ! ಎತ್ತು, ಎತ್ತೋ!… ಚಕ್ರ ಮೇಲೇಳೋಕೆ ಅರ್ಧ ನಿಮಿಷ ಬೇಕು ಅಂತ ನಂಗೂ ಗೊತ್ತು! ಹುಲ್ಲಿನ ಕಡೆ ತಿರುಗಿಸು!… ದಾಟಿಬಿಟ್ಯಾ?”

ಮೆಕ್ಯಾನಿಕ್ಕು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ. ಕಲಿಯಲು ಬಂದಿದ್ದ ಇಬ್ಬರು ಮಾವನ ಮುಖವನ್ನೇ ನೋಡುತ್ತಿದ್ದರು. ಮಾವನಿಗೆ ಆ ನೋಟ ಸಹಿಸಲಾಗಲಿಲ್ಲ.

“ಫೋನು ಅವಳಿಗೆ ಕೊಡು… ಪುಟ್ಟೀ, ಅಳ್ಬೇಡ, ಕೇಳಿಲ್ಲಿ. ಚಕ್ರ ಇಳಿಸು ಅಂತ ಅಪ್ಪ ಹೇಳ್ಲಿಲ್ಲ, ಅಲ್ವಾ?… ಏನು? ಹೊರಗೆ ಬರೋಕೆ ಬಾಗಿಲು ಈಗ್ಲೇ ತೆಗೆದಿಟ್ಕೊಳ್ಲಾ ಅಂತೀಯಾ? ಬಾಗಿಲು ಆಮೇಲೆ. ಮೊದ್ಲು ಹೇಳು, ಅಪ್ಪ ಹೇಳ್ಲಿಲ್ಲ ಅಂತ.”

ಮಾವ ಸ್ಪೀಕರ್ ಒತ್ತಿ, ಫೋನನ್ನು ಆ ಮೂವರ ಕಡೆ ಚಾಚಿ ಹಿಡಿದ.

“ಜೋರಾಗಿ ಹೇಳಮ್ಮ, ಇಲ್ಲಿರೋರಿಗೂ ಕೇಳ್ಲಿ… ಪುಟ್ಟೀ?… ಹೇಳೇ!… ಹಲೋ?…”

ಲೈನ್ ಕಟ್ಟಾಯಿತು.