ದನಿಯಿಲ್ಲದ ರೀಲು

ಎರಡನೇ ಆಟ ಮುಗಿಸಿ, ಮದ್ದೂರು ದಾಟಿ, ನಮ್ಮೂರ ದಾರಿಯಲ್ಲಿ ಒಂದು ಮೈಲಿ ಕತ್ತಲಲ್ಲಿ ನಡೆದರೆ ಆಲದ ಮರ. ಮರದ ಬುಡಕ್ಕೆ ಬಾವಿ. ಅಲ್ಲಿಗೆ ಬಂದ ಕೂಡಲೇ ರೇವಣ್ಣ ಕಂದೀಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿದ್ದ. ಬೆಳಕು ಬಾವಿಯ ಕಡೆ ಬೀಳಬಾರದು ಅಂತ.

"ಯಾಕಣ್ಣ?" ಅಂತ ಒಂದು ದಿನ ದಸ್ತಗೀರ್ ಪಿಸುಗುಟ್ಟಿದ.

"ಸುಮ್ಕೆ ನಡೀಲಾ..."

ಅಷ್ಟೇ ಮಾತು.

ರೇವಣ್ಣ ನನ್ನ ದೊಡ್ಡಪ್ಪನ ಮಗ. ದಸ್ತಗೀರ್ ಮಳವಳ್ಳಿಯವನು, ಮದ್ದೂರಿನ ಟೆಂಟ್ ಸಿನಿಮಾದಲ್ಲಿ ಮಿಷನ್ ಓಡಿಸುತ್ತಿದ್ದ, ರಾತ್ರಿ ರೇವಣ್ಣನ ಜಗಲಿಯಲ್ಲೇ ಮಲಗುತ್ತಿದ್ದ. ನಾನು ಈಗ ಹೇಳುವುದರಲ್ಲಿ ಅರ್ಧ ನಾನೇ ಕಂಡಿದ್ದು, ಅರ್ಧ ದಸ್ತಗೀರ್ ಕುರಾನಿನ ಮೇಲೆ ಆಣೆ ಇಟ್ಟು ಹೇಳಿದ್ದು. ನಗು ಬಂದವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತೆ.

ಯುದ್ಧದ ಕಾಲ ಅದು, ನಲವತ್ತಮೂರೋ ನಲವತ್ತನಾಲ್ಕೋ. ಕನ್ನಡದ ಚಿತ್ರ ಎಲ್ಲಿತ್ತು? ಬರುತ್ತಿದ್ದುದೆಲ್ಲ ತಮಿಳು, ಹಿಂದಿ. ನಮ್ಮ ಜನಕ್ಕೆ ಒಂದಕ್ಷರ ತಿಳಿಯದು. ಅದಕ್ಕೆ ಟೆಂಟಿನ ಯಜಮಾನರು ಅಕ್ರಂ ಪಾಷಾ ಸಾಹೇಬರು ಪರದೆಯ ಪಕ್ಕ ಒಬ್ಬನನ್ನು ನಿಲ್ಲಿಸುತ್ತಿದ್ದರು. ಕೈಯಲ್ಲಿ ಒಂದು ಕೋಲು. ಆಡುವ ಮಾತನ್ನೆಲ್ಲ ಅವನು ಕನ್ನಡದಲ್ಲಿ ಕೂಗಿ ಹೇಳಬೇಕು. ಆ ಕೆಲಸ ರೇವಣ್ಣನದು. ಹಿಂದಿ ಅವನಿಗೂ ಬರುತ್ತಿರಲಿಲ್ಲ, ಬಿಡಿ. ಆದರೆ ಅವನು ಹೇಳಿದರೆ ಪರದೆಯ ಮೇಲಿನವರು ನಮ್ಮೂರವರೇ ಆಗಿಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಹಿಂದಿಯ ಒಂದು ದೆವ್ವದ ಚಿತ್ರ ಬಂತು. ಹನ್ನೊಂದು ರೀಲು. ಕೊನೆಯ ರೀಲಿನಲ್ಲಿ ಸತ್ತ ಹೆಂಡತಿ ಬಾವಿಯಿಂದ ಎದ್ದು ಬಂದು ಗಂಡನ ಎದುರು ನಿಲ್ಲುತ್ತಾಳೆ. ತುಟಿ ಆಡಿಸುತ್ತಾಳೆ. ದನಿ ಇಲ್ಲ. ಊರೂರು ತಿರುಗಿ ಆ ರೀಲಿನ ಅಂಚಿನಲ್ಲಿ ದನಿಯ ಗೆರೆ ಪೂರ್ತಿ ಸವೆದು ಹೋಗಿತ್ತು. ಓಡಿಸಿದರೆ ಬರೀ ಗೊರಗೊರ ಅಂತಿತ್ತು. ಆ ರೀಲು ಹಾಕುವಾಗ ದಸ್ತಗೀರ್ ಸೌಂಡಿನ ತಂತಿಯನ್ನೇ ಕಿತ್ತಿಡುತ್ತಿದ್ದ. ಆಗ ಮಿಷನ್ನಿನ ಕರಕರ ಸದ್ದು ಮಾತ್ರ... ಅದರ ಮೇಲೆ ರೇವಣ್ಣನ ದನಿ.

"ನಿನ್ ತೆಪ್ಪಲ್ಲ ಕಣೋ... ಅಗ್ಗ ಕಿತ್ತೋಯ್ತು. ನೀ ಏನ್ ಮಾಡಿಯೆ? ಅಳ್ಬ್ಯಾಡ... ಮನೀಗೋಗು."

ನೆಲದ ಮೇಲೆ ಕೂತ ಜನವೆಲ್ಲ ಅಳುತ್ತಿತ್ತು. ಯಾಕೆಂದರೆ ಎಲ್ಲರಿಗೂ ಗೊತ್ತು. ಅದರ ಹಿಂದಿನ ವರ್ಷ ಆಲದ ಮರದ ಬಾವಿಯಲ್ಲಿ ನೀರು ತಳ ಕಂಡಿತ್ತು. ಅಂಥ ದಿನಗಳಲ್ಲಿ ಹಗುರ ಮೈಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಚೊಂಬಿನಲ್ಲಿ ನೀರು ಮೊಗೆಯಬೇಕು, ಮೇಲೆ ಒಬ್ಬರು ಹಗ್ಗ ಹಿಡಿದಿರಬೇಕು. ಇಳಿದವಳು ರೇವಣ್ಣನ ಹೆಂಡತಿ ಇಂದ್ರಮ್ಮ. ಹಿಡಿದವನು ರೇವಣ್ಣ. ತಳದ ಬಂಡೆಗೆ ತಲೆ ಬಡಿದು ಸತ್ತಳು. ಹಗ್ಗ ಕಿತ್ತುಹೋಯಿತು ಅಂದ. ಯಾರೂ ಹಗ್ಗ ತೋರಿಸು ಅನ್ನಲಿಲ್ಲ. ಅವತ್ತಿನಿಂದ ಆ ಬಾವಿಗೆ ಯಾರೂ ಕೊಡ ಬಿಡಲಿಲ್ಲ.

ಹಾಗಾಗಿ ದಿನಾ ರಾತ್ರಿ ಆ ರೀಲು ಓಡಬೇಕಿತ್ತು. ದಿನಾ ಅವಳು ಬಂದು ನಿನ್ನ ತಪ್ಪಲ್ಲ ಅನ್ನಬೇಕಿತ್ತು. ಅದೊಂದು ನಿಂತರೆ ರೇವಣ್ಣ ಬದುಕುವುದಿಲ್ಲ ಅಂತ ನನಗೆ ಗೊತ್ತಿತ್ತು.

ನಿಲ್ಲಿಸಲು ಹೊರಟವರು ಮಂಡ್ಯದ ಕೆಂಪಸಿದ್ದಯ್ಯ ಮೇಷ್ಟ್ರು. ವಾರಪತ್ರಿಕೆಯೊಂದಕ್ಕೆ ಚಿತ್ರಗಳ ವಿಮರ್ಶೆ ಬರೆಯುತ್ತಿದ್ದರು. ಒಳ್ಳೆಯವರೇ, ಸುಳ್ಳು ಯಾಕೆ ಹೇಳಲಿ. ಸಂತರ ಚಿತ್ರ, ಸಮಾಜ ಸುಧಾರಣೆಯ ಚಿತ್ರ ಅಂದರೆ ಕಣ್ಣಲ್ಲಿ ನೀರು. ದೆವ್ವ ಅಂದರೆ ಮೂಗು ಮುರಿಯುತ್ತಿದ್ದರು. ನಮ್ಮ ಚಿತ್ರದ ಬಗ್ಗೆ ಹೀಗೆ ಬರೆದರು: "ಇದನ್ನು ನೋಡಿ ಕಿರುಚುವ ಜನರ ಅಭಿರುಚಿಗೆ ಮರುಕಪಡಬೇಕು. ಪಕ್ಕದಲ್ಲಿ ನಿಂತು ಅರಚುವವನಿಗೆ ಇನ್ನೂ ಹೆಚ್ಚು." ಅದನ್ನು ಓದಿದ ಅಮಲ್ದಾರರು ಪಾಷಾ ಸಾಹೇಬರನ್ನು ಕರೆಸಿ, ಪತ್ರಿಕೆಯಲ್ಲಿ ಇನ್ನೊಂದು ಸಲ ಹೀಗೆ ಬಂದರೆ ಟೆಂಟು ಕೀಳಿಸಿಬಿಡುತ್ತೇನೆ ಅಂದರು.

ನಮಗೆ ಮೈ ಉರಿದುಹೋಯಿತು. ಹೆದರುವುದಕ್ಕೆ ಅಂತಲೇ ಹೋಗುವವರು ನಾವು, ಹೆದರಬೇಡಿ ಅನ್ನಲು ಇವರು ಯಾರು? ಬರೆದವರು ಚಿತ್ರ ಪೂರ್ತಿ ನೋಡಿದ್ದರೇ? ಅದೂ ಇಲ್ಲ. ಅವರು ಮೊದಲನೇ ಆಟಕ್ಕೆ ಬರುವವರು. ಮಂಡ್ಯದ ರೈಲು ತಪ್ಪುತ್ತೆ ಅಂತ ಯಾವಾಗಲೂ ಹತ್ತನೇ ರೀಲಿಗೆ ಎದ್ದು ಹೋಗುತ್ತಿದ್ದರು. ಕೊನೆಯ ರೀಲು ಕಂಡೇ ಇರಲಿಲ್ಲ.

ಮುಂದಿನ ವಾರ ಮೇಷ್ಟ್ರು ಮತ್ತೆ ಬಂದಾಗ ಕಡಲೆಕಾಯಿ ಮಾರುವ ಚಿಕ್ಕನಂಜಮ್ಮ ಟೆಂಟಿನ ಬಾಗಿಲಲ್ಲೇ ತಡೆದಳು.

"ಸೋಮಿ, ಅರ್ದ ಉಂಡೆದ್ದು ಅಡಿಗೆ ಸರ್ಯಾಗಿಲ್ಲ ಅಂತೀರಲ್ಲ, ಇದ್ಯಾವ ನ್ಯಾಯ? ಇವತ್ ಎರಡ್ನೇ ಆಟ ನೋಡಿ. ಕೊನೇ ರೀಲ್ಗಂಟ ಕುಂತ್ಕಳಿ. ಆಮ್ಯಾಕೆ ಏನಾರ ಬರ್ಕಳಿ."

ಜನ ಹೋ ಅಂದಿತು. ಮೇಷ್ಟ್ರ ಮುಖ ಕೆಂಪಾಯಿತು. "ಆಗಲಿ. ಮದ್ದೂರಲ್ಲೇ ಉಳಿಯುತ್ತೇನೆ. ಆದರೆ ಒಂದು ಮಾತು. ಕೊನೆಯ ರೀಲಿನಲ್ಲಿ ಪರದೆಯ ಪಕ್ಕ ನಿಲ್ಲುವ ಈತ ಬಾಯಿ ತೆರೆಯಬಾರದು. ನಿಮ್ಮನ್ನು ಹೆದರಿಸುವುದು ಚಿತ್ರವೋ ಈತನ ಅರಚಾಟವೋ, ನೋಡಿಯೇಬಿಡೋಣ. ಚಿತ್ರ ಗೆದ್ದರೆ ಹಾಗೇ ಬರೆಯುತ್ತೇನೆ."

ಪಾಷಾ ಸಾಹೇಬರು ರೇವಣ್ಣನ ಮುಖ ನೋಡಿದರು. ರೇವಣ್ಣ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಒಂದಿನ ತಾನೆ... ಆಗ್ಲಿ ಸೋಮಿ," ಅಂದ.

ಅವತ್ತು ನಾನು ಮುಂದಿನ ಸಾಲಿನ ನೆಲದಲ್ಲಿದ್ದೆ. ನನ್ನ ಎಡಕ್ಕೆ ಮೇಷ್ಟ್ರ ಕುರ್ಚಿ. ಎದುರಿಗೆ ರೇವಣ್ಣ. ಹನ್ನೊಂದನೇ ರೀಲು ಏರಿತು. ಅವನು ಟವಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡ. ಕರಕರ... ಕರಕರ... ಪರದೆಯ ಮೇಲೆ ಅವಳು ಬಾವಿಯ ಕಟ್ಟೆ ಹತ್ತಿ ಬಂದಳು. ತುಟಿ ಆಡಿತು.

ನನಗೆ ಏನೂ ಕೇಳಿಸಲಿಲ್ಲ. ದೇವರಾಣೆ, ಏನೂ ಇಲ್ಲ.

ರೇವಣ್ಣನ ಕೋಲು ಕೈಜಾರಿ ಟಕ್ ಅಂತ ಕಲ್ಲಿನ ಮೇಲೆ ಬಿತ್ತು. ಅವನು ಹಿಂದಕ್ಕೆ ಸರಿದ... ಸರಿದು ಪರದೆಗೇ ಒರಗಿದ. ಅವಳ ನೆರಳು ಅವನ ಮೈಮೇಲೆಲ್ಲ ಆಡುತ್ತಿತ್ತು. ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಬಗ್ಗಿಕೊಂಡು ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು. ಆಟ ಮುಗಿದ ಮೇಲೆ ಯಾರೊಡನೆಯೂ ಮಾತಾಡದೆ ಎದ್ದು ಹೋದರು. ಟೆಂಟು ಹೋಯಿತು ಅಂದುಕೊಂಡೆವು.

ಮುಂದಿನದು ದಸ್ತಗೀರ್ ಹೇಳಿದ್ದು.

ಆಲದ ಮರ ಹತ್ತಿರವಾಯಿತು. ರೇವಣ್ಣ ಕಂದೀಲನ್ನು ಕೈ ಬದಲಾಯಿಸಲಿಲ್ಲ.

"ಕೇಳುಸ್ತಾ ನಿಂಗೆ?" ಅಂದ.

"ಏನು?"

"ಅವ್ಳು ಕೇಳ್ಬುಟ್ಳು ಕಣ್ಲಾ..."

"ಯಾರು? ತಂತಿ ನಾನೇ ಕಿತ್ತಿಟ್ಟಿದ್ದೆ ಕಣಣ್ಣ. ಸೌಂಡೇ ಇರ್ಲಿಲ್ಲ."

ರೇವಣ್ಣ ಕಂದೀಲನ್ನು ಬಾವಿಯ ಕಡೆಗೇ ಎತ್ತಿ ಹಿಡಿದ. ಆಮೇಲೆ ತೀರ ಮೆಲ್ಲಗೆ, "ಅಗ್ಗ ಕಿತ್ತೋಗ್ಲಿಲ್ಲ ಕಣ್ಲಾ ದಸ್ತಗೀರ... ಬೀಡಿ ಅಂಟಿಸ್ಕಳಾನ ಅಂತ ಒಂದ್ ಕೈ ಬುಟ್ಟೆ. ಒಂದೇ ಕೈ... ಯಾರ್ಗೂ ಏಳಿಲ್ಲ."

ಆಗ ಸದ್ದು ಕೇಳಿತು. ಕಿರ್ರ್... ಕಿರ್ರ್... ಒಣಗಿದ ರಾಟೆ ತಿರುಗುವ ಸದ್ದು. ಅವರವರ ಹಗ್ಗ ಅವರವರ ಮನೆಗೆ ಒಯ್ಯುವ ಊರು ನಮ್ಮದು. ಆ ಬಾವಿಯಲ್ಲಂತೂ ವರ್ಷದಿಂದ ಹಗ್ಗವೇ ಇರಲಿಲ್ಲ. ಈಗ ರಾಟೆಯ ಮೇಲೆ ಹಗ್ಗ ಇತ್ತು... ಸರಸರ ಅಂತ ಒಳಕ್ಕೆ ಇಳಿಯುತ್ತಿತ್ತು. ರೇವಣ್ಣ ಓಡಿದ. ಕಂದೀಲು ಬಿಸಾಡಿ ಎರಡೂ ಕೈಯಲ್ಲಿ ಹಗ್ಗ ಹಿಡಿದ.

ದಸ್ತಗೀರ್ ಮುಟ್ಟಿ ನೋಡಿದ. ಹಗ್ಗ ಬಿಗಿಯಾಗಿತ್ತು. ಕೆಳಗೆ ಒಂದು ಆಳಿನ ಭಾರ. ಊರಿಗೆ ಓಡಿಬಂದು ನಮ್ಮ ಬಾಗಿಲು ಬಡಿದ.

ನಾನು, ಪಕ್ಕದ ಮನೆಯ ಜವರಯ್ಯ, ಇನ್ನಿಬ್ಬರು ಪಂಜು ಹಿಡಿದು ಹೋದೆವು. ರೇವಣ್ಣ ಕಟ್ಟೆಗೆ ಕಾಲು ಕೊಟ್ಟು ನಿಂತಿದ್ದ. ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಪ್... ತಪ್...

"ಬುಡಣ್ಣ," ಅಂದೆ.

"ಬುಟ್ರೆ ಬಿದ್ದೋಯ್ತಾಳೆ."

ಜವರಯ್ಯ ಒಂದೊಂದೇ ಬೆರಳು ಬಿಡಿಸಿದ. ನಾನು ರೇವಣ್ಣನ ಸೊಂಟ ಹಿಡಿದಿದ್ದೆ. ಕೊನೆಯ ಬೆರಳು ಬಿಡಿಸಿದಾಗ ಹಗ್ಗ ಸರ್ರನೆ ಹೋಯಿತು. ಕೆಳಗೆ... ದುಡುಂ. ನೀರಿನ ಸದ್ದಲ್ಲ ಅದು. ಬಂಡೆಯ ಸದ್ದು. ಆ ಬೆರಳು ಬಿಡಿಸಬಾರದಿತ್ತು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಬೆಳಿಗ್ಗೆ ಬಾವಿಗೆ ಇಳಿದು ನೋಡಿದೆವು. ಏನೂ ಇಲ್ಲ. ಹಗ್ಗವೂ ಇಲ್ಲ.

ರೇವಣ್ಣ ಮೂರು ವರ್ಷ ಬದುಕಿದ. ಮುಷ್ಟಿ ಬಿಚ್ಚಲಿಲ್ಲ, ಮಾತೂ ಆಡಲಿಲ್ಲ. ಅನ್ನ ನಾವೇ ತಿನ್ನಿಸುತ್ತಿದ್ದೆವು. ಸ್ವಾತಂತ್ರ್ಯ ಬಂದ ವರ್ಷ ಹೋದ. ಮುಷ್ಟಿ ಹಾಗೇ ಇಟ್ಟು ಮಣ್ಣು ಮಾಡಿದೆವು.

ಟೆಂಟು ಮಾತ್ರ ಉಳಿಯಿತು. ಮೇಷ್ಟ್ರು ಕೊಟ್ಟ ಮಾತಿನಂತೆ ಬರೆದಿದ್ದರು. ಅದು ಅಚ್ಚಾಗಿ ಬಂದಾಗ ಚಿಕ್ಕನಂಜಮ್ಮ ಗೆದ್ದೆವು ಅಂತ ಊರೆಲ್ಲ ಕಡಲೆಕಾಯಿ ಹಂಚಿದಳು. ನಾನು ಓದಿದೆ, ದಸ್ತಗೀರನಿಗೂ ಓದಿ ಹೇಳಿದೆ. ಅವನು ಮಾರನೆಯ ದಿನ ಮಳವಳ್ಳಿಗೆ ಹೋದವನು ಮತ್ತೆ ಮಿಷನ್ ಮುಟ್ಟಲಿಲ್ಲ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಬೆಳಗಾಗಲಿ, ಯಾರು ಬೇಕಾದರೂ ನೋಡಿ. ಹೀಗಿದೆ:

"ಹಿಂದಿಯ ಚಿತ್ರವಾದರೂ ಕೊನೆಯ ರೀಲಿನಲ್ಲಿ ಆ ಹೆಂಗಸಿಗೆ ಅಚ್ಚ ಮಂಡ್ಯದ ಸೀಮೆಯ ಮಾತನ್ನು ಹೇಗೆ ಕೂಡಿಸಿದರೋ ತಿಳಿಯದು. ಆಕೆ ಗಂಡನನ್ನು ಕೇಳುವುದು ಒಂದೇ ಮಾತು. ಸಿಟ್ಟಿಲ್ಲ, ಅಳುವಿಲ್ಲ. 'ಬೀಡಿ ಅಂಟ್ಕಂತಾ?' ಎಂದು ಕೇಳುತ್ತಾಳೆ."